ಹೊಟ್ಟೆಯೊಳಗಿನ ತಿರುಗಾಡಿ

ಫೆಬ್ರವರಿ 3, ಮಂಗಳವಾರ

ಇವತ್ತಿನಿಂದ ಹೆರಿಗೆ ವಾರ್ಡು. ಈ ತಿಂಗಳನ್ನು ಹೇಗಾದರೂ ಹಲ್ಲು ಕಚ್ಚಿಕೊಂಡು ಕಳೆದುಬಿಟ್ಟರೆ ಮಾರ್ಚ್‌ನಲ್ಲಿ ಮೂಳೆ ವಿಭಾಗ. ನನಗೆ ಬೇಕಾಗಿರುವುದು ಅದೇ. ಸುತ್ತಿಗೆ, ಗರಗಸ, ಸ್ಕ್ರೂ. ಮುರಿದದ್ದನ್ನು ಜೋಡಿಸಿದರೆ ಕೆಲಸ ಮುಗಿಯಿತು, ರೋಗಿ ಕೈಕುಲುಕಿ ಮನೆಗೆ ಹೋಗುತ್ತಾನೆ. ಇಲ್ಲಿ ಯಾರಿಗೂ ಏನೂ ಮುರಿದಿಲ್ಲ, ಆದರೂ ಕೋಣೆ ಕೋಣೆಯಿಂದ ಕೂಗು.

ಬೆಳಿಗ್ಗೆ ಒಂದು ಹೆರಿಗೆ ಕೋಣೆಗೆ ಕಳಿಸಿದರು. ವಿದ್ಯಾರ್ಥಿ ಇದ್ದರೆ ಪರವಾಗಿಲ್ಲ ಎಂದು ಆ ಹೆಂಗಸು ಒಪ್ಪಿದ್ದಳು. ಒಳಗೆ ಹೋದ ಮೇಲೆ ಎಲ್ಲಿ ನಿಲ್ಲಬೇಕೆಂದೇ ತಿಳಿಯಲಿಲ್ಲ. ಕಾಲಿನ ಕಡೆ ನಿಂತರೆ ಸಂಕೋಚ, ತಲೆಯ ಕಡೆ ಗಂಡ, ಕಿಟಕಿಯ ಪಕ್ಕ ಯಂತ್ರ. ಕೊನೆಗೆ ಗೋಡೆಗೆ ಬೆನ್ನು ಹಚ್ಚಿಕೊಂಡು ನಿಂತೆ. ಇಲ್ಲಿನ ಹಿರಿಯ ಸೂಲಗಿತ್ತಿ ಅಟ್ರಾಕ್ಟಾ ನನ್ನ ಕಡೆ ತಿರುಗಿಯೂ ನೋಡದೆ ಅಂದರು:

"ಏನು ಡಾಕ್ಟ್ರೇ, ಗೋಡೆಗೇನಾದ್ರೂ ನೋವು ಶುರುವಾಗಿದ್ಯಾ? ಅದಕ್ಕೆ ಇನ್ನೂ ಟೈಮಿದೆ, ಬನ್ನಿ ಈ ಕಡೆ."

ನೋವು ತಿನ್ನುತ್ತಿದ್ದ ಹೆಂಗಸೇ ನಕ್ಕುಬಿಟ್ಟಳು. ನಗು ಮುಗಿಯುವಷ್ಟರಲ್ಲಿ ಮುಂದಿನ ನೋವು ಬಂದು ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಬೆರಳಿನ ಗುರುತು ಇನ್ನೂ ಇದೆ. ಮಗು ಬಂತು. ಗಂಡ ಅತ್ತ, ಹೆಂಡತಿ ಅತ್ತಳು, ಮಗು ಅತ್ತಿತು. ನಾನು ಏನಾದರೂ ಹೇಳಬೇಕಲ್ಲ ಎಂದು "ಒಳ್ಳೇ ಹವಾ ಇದೆ ಇವತ್ತು" ಎಂದೆ. ಹೊರಗೆ ಆಲಿಕಲ್ಲು ಬೀಳುತ್ತಿತ್ತು.

ಹೆತ್ತ ಮೇಲೆ ಟೀ ಮತ್ತು ಬೆಣ್ಣೆ ಹಚ್ಚಿದ ಟೋಸ್ಟು ಕೊಡುವುದು ವಾರ್ಡಿನ ಪದ್ಧತಿ. ಆ ಟ್ರೇ ತಂದುಕೊಟ್ಟವನು ನಾನು. ಇವತ್ತು ನಾನು ಮಾಡಿದ ವೈದ್ಯಕೀಯ ಸೇವೆ ಅಷ್ಟೇ.

ಬ್ಲಾನಿಡ್ ಮೊದಲ ದಿನವೇ ಒಂದು ಮಗುವನ್ನು ಕೈಯಲ್ಲಿ ಹಿಡಿದಳಂತೆ. ಅವಳು ನನ್ನ ತರಗತಿಯವಳು, ಈ ತಿಂಗಳು ನನ್ನ ಜೊತೆಗಾರ್ತಿ. ಡೊನೆಗಾಲ್ ಜಿಲ್ಲೆಯ ಹುಡುಗಿ, ಅವಳಿಗೆ ಯಾವುದಕ್ಕೂ ಭಯವಿಲ್ಲ. ಹಾಸ್ಟೆಲ್ ಅಡುಗೆಮನೆಯಲ್ಲಿ ಅದನ್ನೇ ಮೂರು ಸಲ ಹೇಳಿದಳು.

ಫೆಬ್ರವರಿ 4, ಬುಧವಾರ

ಒಬ್ಬ ಬಸುರಿಯ ವಿವರ ಕೇಳಿಕೊಂಡು ಬಂದು ವಾರ್ಡಿನ ದೊಡ್ಡ ಡಾಕ್ಟರ್ ಗಿಲ್‌ಹೂಲಿಯವರಿಗೆ ಒಪ್ಪಿಸಬೇಕಿತ್ತು. ನನಗೆ ಸಿಕ್ಕಿದ್ದು ಕಿಟಕಿ ಪಕ್ಕದ ಹಾಸಿಗೆ. ಮಜೆಲ್ಲಾ, ಲೀಟ್ರಿಮ್ ಜಿಲ್ಲೆಯ ಒಳಹಳ್ಳಿಯೊಂದರ ಶಾಲಾ ಬಸ್ ಚಾಲಕಿ. ಮೂವರು ಗಂಡುಮಕ್ಕಳು ಮನೆಯಲ್ಲಿದ್ದಾರೆ, ಇದು ನಾಲ್ಕನೆಯದು. ಹೊಟ್ಟೆಯಲ್ಲಿ ನೀರು ಜಾಸ್ತಿ. ಕೂಸು ಆ ನೀರಿನಲ್ಲಿ ಈಜುತ್ತಾ ದಿನಕ್ಕೊಂದು ಮಗ್ಗುಲಿಗೆ ತಿರುಗುತ್ತಿದೆ. ಅದಕ್ಕೇ ಹೆರಿಗೆ ಆಗುವವರೆಗೆ ಆಸ್ಪತ್ರೆಯಲ್ಲೇ ಇರಬೇಕೆಂದು ಹೇಳಿ ಇರಿಸಿಕೊಂಡಿದ್ದಾರೆ.

ನಾನು ಪ್ರಶ್ನೆಗಳನ್ನು ಒಂದರ ಹಿಂದೊಂದು ಬಿಟ್ಟೆ. ಆಕೆ ಉತ್ತರಿಸುತ್ತಾ ಹೋದವರು ನಡುವೆ ಕೈ ಎತ್ತಿದರು.

"ತಡಿ ಮಗನೇ, ಬ್ರೇಕ್ ಒತ್ತು. ನನ್ನ ಬಸ್ಸಲ್ಲಿ ಐದು ವರ್ಷದ ಮಕ್ಕಳು ಕೂಡ ಇಷ್ಟು ಸ್ಪೀಡಾಗಿ ಮಾತಾಡಲ್ಲ. ನಿಂದು ಯಾವೂರು?"

"ಮೇಯೋ."

"ಅಯ್ಯೋ ಪಾಪ! ಫೈನಲ್ ತನಕ ಬಂದು ಕಪ್ಪು ಕೈಬಿಡೋರು ನೀವೇ ಅಲ್ವಾ?"

ಪಕ್ಕದ ಹಾಸಿಗೆಗಳವರೆಲ್ಲ ನಕ್ಕರು. ನಮ್ಮ ಜಿಲ್ಲೆಯ ಫುಟ್‌ಬಾಲ್ ತಂಡದ ಮಾತು ಇಲ್ಲಿಗೂ ಬೆನ್ನು ಹತ್ತಿ ಬರಬೇಕೇ? ಲೀಟ್ರಿಮ್‌ನವರು ಫೈನಲ್ ಇರಲಿ, ಅದರ ಟಿಕೆಟ್ಟನ್ನೂ ನೋಡಿಲ್ಲ ಎಂದು ಹೇಳಬೇಕೆಂದುಕೊಂಡೆ. ರೋಗಿಯ ಜೊತೆ ಜಗಳ ಬೇಡ ಎಂದು ಬಿಟ್ಟೆ.

ರೌಂಡ್ಸ್‌ನಲ್ಲಿ ಗಿಲ್‌ಹೂಲಿ ಕೇಳಿದರು: "ಹೇಳಪ್ಪ ಲೋರ್ಕನ್, ಮಜೆಲ್ಲಾ ಅವರನ್ನ ಮನೆಗೆ ಯಾಕೆ ಕಳಿಸ್ತಿಲ್ಲ?"

"ಮನೇಲಿ ನೀರೊಡೆದ್ರೆ ಹೊಕ್ಕುಳಬಳ್ಳಿ ಮಗುವಿಗಿಂತ ಮುಂಚೆ ಕೆಳಗೆ ಜಾರಬಹುದು, ಸರ್. ಮಗುವಿನ ತಲೆ ಅದನ್ನ ಅದುಮಿಬಿಟ್ಟರೆ ರಕ್ತ ಹೋಗಲ್ಲ."

"ಆಗ ಏನು ಮಾಡ್ತೀಯ?"

ಪುಸ್ತಕದಲ್ಲಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ತಲೆಯನ್ನು ಮೇಲಕ್ಕೆ ಒತ್ತಿ ಹಿಡಿಯುವುದು, ಸೊಂಟ ಎತ್ತರಿಸುವುದು, ಆಪರೇಷನ್. ಗಿಲ್‌ಹೂಲಿ ತಲೆಯಾಡಿಸಿದರು. ಮಜೆಲ್ಲಾ ನನ್ನನ್ನೇ ನೋಡುತ್ತಿದ್ದರು. ಎಷ್ಟು ಚೆನ್ನಾಗಿ ಹೇಳಿದೆ ಎಂಬ ಖುಷಿಯಲ್ಲಿ ನಾನಿದ್ದೆ. ಆಕೆ ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ ಎಂದು ಬ್ಲಾನಿಡ್ ಹೇಳಿದಳು. ಸುಸ್ತಾಗಿರಬೇಕು.

ಫೆಬ್ರವರಿ 6, ಶುಕ್ರವಾರ

ಹೊಟ್ಟೆ ಮುಟ್ಟಿ ಕೂಸು ಹೇಗೆ ಮಲಗಿದೆ ಎಂದು ಹೇಳುವುದನ್ನು ಅಟ್ರಾಕ್ಟಾ ಕಲಿಸುತ್ತಿದ್ದಾರೆ. ತಲೆ ಗಟ್ಟಿ, ಗುಂಡಗೆ, ಒತ್ತಿದರೆ ಕುಣಿಯುತ್ತದೆ. ಕುಂಡೆ ಮೆತ್ತಗೆ. ಬೆನ್ನು ಹಲಗೆಯಂತೆ. ಕೇಳಲು ಸುಲಭ. ನಾನು ಮಜೆಲ್ಲಾರ ಹೊಟ್ಟೆಯ ಬಲಮಗ್ಗುಲು ಒತ್ತಿ, "ಇದೇ ತಲೆ" ಎಂದು ಘೋಷಿಸಿದೆ. ಸ್ಕ್ಯಾನ್ ಮಾಡಿದರೆ ಅದು ಕುಂಡೆ.

"ಇವನ ಕೈಗೆ ಸಿಕ್ಕಿದ್ರೆ ಮಗುವಿಗೆ ಟೋಪಿ ಎಲ್ಲಿ ಹಾಕ್ತಾನೋ" ಎಂದರು ಮಜೆಲ್ಲಾ.

ಈಗ ದಿನಾ ಬಾಜಿ. ಬೆಳಿಗ್ಗೆ ನಾನು, ಬ್ಲಾನಿಡ್, ಮಜೆಲ್ಲಾ ಮೂವರೂ ಕೂಸು ಎತ್ತ ತಿರುಗಿದೆಯೆಂದು ಹೇಳಬೇಕು. ಸ್ಕ್ಯಾನ್ ಯಾರ ಪರವಾಗಿ ಬರುತ್ತದೋ ಅವರಿಗೆ ಚಾಕೊಲೇಟ್ ಬಿಸ್ಕತ್ತು. ಕೂಸಿಗೆ 'ತಿರುಗಾಡಿ' ಎಂದು ಹೆಸರಿಟ್ಟಿದ್ದೇವೆ. ಡಬ್ಬಿ ಮಜೆಲ್ಲಾರ ಹಾಸಿಗೆ ಪಕ್ಕ ಇದೆ, ಹಾಗಾಗಿ ಗೆದ್ದವರು ಯಾರಾದರೂ ತಿನ್ನುವವರು ಅವರೇ.

ಫೆಬ್ರವರಿ 10, ಮಂಗಳವಾರ

ಹಿಡಿದೆ! ನಾನೇ ಹಿಡಿದೆ! ಗಂಡುಮಗು. ಅಂದರೆ ನನ್ನ ಕೈ ಕೆಳಗಿತ್ತು, ಅಟ್ರಾಕ್ಟಾರ ಕೈ ನನ್ನ ಕೈ ಮೇಲಿತ್ತು. ತಲೆ ಕಾಣಿಸಿದ ಕೂಡಲೇ ನಾನು ಎಳೆಯಲು ಹೋದೆ. ಮೇಲಿನ ಕೈ ಪಟ್ಟನೆ ತಡೆಯಿತು.

"ಏಯ್, ಎಲ್ಲಿಗೆ ಅವಸರ? ಅದು ಬರ್ತಿದೆ. ನೀನು ಎಳೀಬೇಡ, ಬರೋರನ್ನ ಬರಮಾಡ್ಕೊ ಅಷ್ಟೇ."

ಬಂತು. ಮೊದಲು ತಲೆ, ಒಂದು ಕ್ಷಣ ಯೋಚನೆ ಮಾಡಿದಂತೆ ನಿಂತು ಪಕ್ಕಕ್ಕೆ ತಿರುಗಿತು, ಭುಜ ಬಂತು, ಆಮೇಲೆ ಸೋಪು ಜಾರಿದ ಹಾಗೆ ಇಡೀ ಮಗು. ಇಷ್ಟು ಜಾರುತ್ತದೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಎದೆಗೆ ಅವುಚಿಕೊಂಡೆ, ಅಂಗಿ ಪೂರ್ತಿ ಒದ್ದೆ. ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ, "ಆ ಹುಡುಗಿ ಹೇಗಿದ್ದಾಳೆ?" ಎಂದರು. ಯಾವ ಹುಡುಗಿ ಎಂದು ಕೇಳಿದೆ. "ಹೆತ್ತವಳು ಕಣೋ!" ಎಂದು ಬೈದರು.

ಹೇಗಿದ್ದಾಳೋ. ಚೆನ್ನಾಗಿಯೇ ಇರಬೇಕು. ನಾಳೆ ನೋಡುತ್ತೇನೆ.

ಫೆಬ್ರವರಿ 12, ಗುರುವಾರ

ಮಧ್ಯಾಹ್ನ ಸ್ಕ್ಯಾನ್ ಕೋಣೆಯಲ್ಲಿದ್ದೆ. ಎರಡು ದಿನದಿಂದ ಮಗು ಒದೆಯುತ್ತಿಲ್ಲ ಎಂದು ಒಬ್ಬಳು ಬಂದಿದ್ದಳು. ಎದೆಬಡಿತ ಇರಲಿಲ್ಲ.

ಅವಳ ಹೆಸರು ಇಲ್ಲಿ ಬರೆಯುವುದಿಲ್ಲ.

ಅಟ್ರಾಕ್ಟಾ ಅವಳನ್ನು ಕೊನೆಯ ಕೋಣೆಗೆ ಕರೆದುಕೊಂಡು ಹೋದರು. ಟೀ ತಗೊಂಡು ಬಾ ಎಂದು ನನಗೆ ಹೇಳಿದರು. ತಂದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹುಡುಕಿದೆ, ಸಿಗಲಿಲ್ಲ. ಕಪ್ಪನ್ನು ಅವಳ ಕೈಗೆ ಕೊಟ್ಟೆ. ಅವಳ ಕೈ ನಡುಗುತ್ತಿತ್ತು, ಅದಕ್ಕೆ ಕಪ್ಪಿನ ತಳಕ್ಕೆ ನಾನೂ ಕೈ ಕೊಟ್ಟೆ. ಅವಳು ಕುಡಿದು ಮುಗಿಸುವವರೆಗೆ ಹಾಗೇ ಇದ್ದೆ. ನಾನು ಹೊರಡುವಾಗ ಅವಳು ಥ್ಯಾಂಕ್ಸ್ ಎಂದಳು. ಯಾಕೆಂದು ಗೊತ್ತಾಗಲಿಲ್ಲ.

ಫೆಬ್ರವರಿ 13, ಶುಕ್ರವಾರ

ಏನೂ ಇಲ್ಲ.

ಫೆಬ್ರವರಿ 17, ಮಂಗಳವಾರ

ಇವತ್ತು ಪ್ಯಾನ್‌ಕೇಕ್ ಮಂಗಳವಾರ. ನಾಳೆಯಿಂದ ಚರ್ಚಿನ ಉಪವಾಸದ ದಿನಗಳು, ಹಾಗಾಗಿ ಇವತ್ತೇ ಹೊಟ್ಟೆ ತುಂಬಾ ತಿಂದುಬಿಡಬೇಕು. ವಾರ್ಡಿನ ಪುಟ್ಟ ಅಡುಗೆಮನೆಯಲ್ಲಿ ಅಟ್ರಾಕ್ಟಾ ಒಲೆ ಮುಂದೆ ನಿಂತಿದ್ದರು. ಹೊರಗೆ ತಟ್ಟೆ ಹಿಡಿದುಕೊಂಡು ಬಸುರಿಯರ ಸಾಲು. ಒಬ್ಬಳಿಗೆ ನಡುನಡುವೆ ನೋವು ಬರುತ್ತಿತ್ತು. ಬಂದಾಗ ಬಾಗಿಲ ಚೌಕಟ್ಟು ಹಿಡಿದು ಉಸಿರು ಬಿಡುತ್ತಿದ್ದಳು, ಹೋದಾಗ, "ನನ್ನ ಪಾಳಿ ತಪ್ಪಿಸಬೇಡಿ" ಎನ್ನುತ್ತಿದ್ದಳು. ಅವಳ ಬೆನ್ನು ನೀವುತ್ತಾ ನಿಂತಿದ್ದೆ. ಅವಳಿಗೆ ಎರಡು ಪ್ಯಾನ್‌ಕೇಕ್ ಸಿಕ್ಕವು, ಸಂಜೆಗೆ ಒಂದು ಹೆಣ್ಣುಮಗು.

ಮಜೆಲ್ಲಾ ಉಪವಾಸದ ದಿನಗಳಿಗೆ ಚಾಕೊಲೇಟ್ ಬಿಡುತ್ತೇನೆಂದು ಆಣೆ ಮಾಡಿ, ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ನಾನು ಅತ್ತರೂ ಕೊಡಬೇಡ" ಎಂದರು.

ಫೆಬ್ರವರಿ 18, ಬುಧವಾರ

ಬೆಳಿಗ್ಗೆ ಹತ್ತು ಗಂಟೆಗೇ ಡಬ್ಬಿ ವಾಪಸು ಕೊಡಬೇಕಾಯಿತು. ಬಸುರಿಯರಿಗೆ ಉಪವಾಸದಿಂದ ವಿನಾಯಿತಿ ಇದೆಯಂತೆ, ಆಣೆ ಮಾಡುವಾಗ ನೆನಪಿರಲಿಲ್ಲವಂತೆ.

ಫೆಬ್ರವರಿ 20, ಶುಕ್ರವಾರ

ತಿರುಗಾಡಿ ಇವತ್ತು ಅಡ್ಡ. ಬಾಜಿ ಗೆದ್ದವನು ನಾನು, ಸತತ ನಾಲ್ಕನೆಯ ದಿನ. ಬ್ಲಾನಿಡ್‌ಗೆ ಹೊಟ್ಟೆಯುರಿ.

"ಅದೇನು ಮಾಡ್ತೀಯೋ? ಹೊಟ್ಟೆ ಮೇಲೆ ಕೈಯಿಟ್ಟು ಸುಮ್ನೆ ಕೂತಿರ್ತೀಯ. ನಿದ್ದೆ ಬಂದಿದ್ಯೇನೋ ಅಂದ್ಕೊಂಡೆ."

ಏನೂ ಮಾಡುವುದಿಲ್ಲ. ಮೊದಲೇ ಒತ್ತಿದರೆ ಹೊಟ್ಟೆ ಬಿಗಿಯಾಗುತ್ತದೆ. ಕೈ ಬೆಚ್ಚಗೆ ಮಾಡಿಕೊಂಡು ಇಟ್ಟು ಕಾದರೆ ಒಳಗಿರುವುದೇ ಬಂದು ತಾಗುತ್ತದೆ. ಇದರಲ್ಲಿ ದೊಡ್ಡ ವಿದ್ಯೆ ಏನಿದೆ?

ಮಜೆಲ್ಲಾರ ಗಂಡ ಎಂಡಾ ಮಕ್ಕಳನ್ನು ಕರೆತಂದಿದ್ದ. ಮರಗೆಲಸದವನು, ಮಾತು ಕಡಿಮೆ. ಹೆಂಡತಿಯ ಮುಂದೆ ಕೂತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಮೂವರು ಹುಡುಗರು ಅಮ್ಮನ ಹಾಸಿಗೆಯನ್ನು ಏರಿಸುವ ಇಳಿಸುವ ಗುಂಡಿಯನ್ನು ಒತ್ತಿ ಒತ್ತಿ ಆಕೆಯನ್ನು ತೊಟ್ಟಿಲಿನಂತೆ ತೂಗಿದರು. ಅವರು ಹೋದ ಮೇಲೆ ಮಜೆಲ್ಲಾ ಕಿಟಕಿಯಿಂದ ಅವರ ವ್ಯಾನು ಮರೆಯಾಗುವವರೆಗೆ ನೋಡಿದರು.

ನಾನು ಎದ್ದು ಹೊರಡಬೇಕಿತ್ತು, ಊಟದ ಹೊತ್ತು. ಅಲ್ಲೇ ಕೂತಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಹೇಳಿದರು: "ಆವತ್ತು ನೀನು ಡಾಕ್ಟ್ರಿಗೆ ಹೇಳಿದೆಯಲ್ಲ, ಬಳ್ಳಿ ಜಾರಿದ್ರೆ ರಕ್ತ ಹೋಗಲ್ಲ ಅಂತ. ಅವತ್ತಿಂದ ಟಾಯ್ಲೆಟ್ಟಿಗೆ ಹೋಗೋಕೂ ಹೆದರಿಕೆ ಕಣೋ. ಕೆಮ್ಮೋಕೂ ಹೆದರಿಕೆ. ಬಿಸ್ಕತ್ತು, ಬಾಜಿ ಅಂತ ನಗ್ತಾ ಇರ್ತೀನಿ. ನಗದೇ ಇದ್ರೆ ತಲೆ ಕೆಡತ್ತೆ."

ಹಾಗಾಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆಗಬಹುದು, ಅದಕ್ಕೇ ಆಕೆ ಇಲ್ಲಿರುವುದು. "ಆದರೆ ನಾವೆಲ್ಲ ಇಲ್ಲೇ ಇರ್ತೀವಿ" ಎಂದೆ. ಆಕೆ, "ನೀನು ಸೋಮವಾರ ಬರ್ತೀಯಾ?" ಎಂದರು. ಬರುತ್ತೇನೆ ಎಂದೆ. ಮುಂದಿನ ಗುರುವಾರ ಆಪರೇಷನ್ನಿಗೆ ದಿನ ಗೊತ್ತಾಗಿದೆ. ಅಲ್ಲಿಯವರೆಗೆ ತಾನೇ.

ರಾತ್ರಿ ಊಟಕ್ಕೆ ಬ್ಲಾನಿಡ್ ನನ್ನ ಹಣೆ ಮುಟ್ಟಿ ನೋಡಿದಳು. "ಒಂದು ವಾರದಿಂದ ನಿನ್ನ ಬಾಯಲ್ಲಿ ಮೂಳೆ ಅನ್ನೋ ಮಾತೇ ಬಂದಿಲ್ಲ. ಹುಷಾರಿದ್ದೀಯ ತಾನೇ?" ಇವಳಿಗೇ ಏನೋ ಆಗಿದೆ.

ಫೆಬ್ರವರಿ 24, ಮಂಗಳವಾರ

ಇದನ್ನು ಇವತ್ತೇ ಬರೆಯಬೇಕು.

ಬೆಳಿಗ್ಗೆ ಬಾಜಿ ನಡೆದಿತ್ತು. ತಿರುಗಾಡಿ ತಲೆ ಕೆಳಗೆ, ಆದರೆ ಇನ್ನೂ ಮೇಲೆಯೇ ತೇಲುತ್ತಿತ್ತು. ಮೂವರೂ ಸರಿಯಾಗಿ ಹೇಳಿದ್ದೆವು. ಬ್ಲಾನಿಡ್ ಹೊರರೋಗಿಗಳ ವಿಭಾಗಕ್ಕೆ ಹೋದಳು. ಮಜೆಲ್ಲಾ ಹಾಸಿಗೆಯಿಂದ ಇಳಿದು ಚಪ್ಪಲಿಗೆ ಕಾಲು ಹಾಕಿದರು. ಬಕೆಟ್ ಮಗುಚಿದಂಥ ಸದ್ದು, ನೀರೊಡೆದಿತ್ತು. ನೀರು ನನ್ನ ಬೂಟಿನವರೆಗೆ ಬಂತು.

"ಲೋರ್ಕನ್, ಏನೋ ಜಾರ್ತು" ಎಂದರು. ಅವರ ದನಿ ಹಾಗಿರುವುದನ್ನು ನಾನು ಕೇಳಿಯೇ ಇರಲಿಲ್ಲ.

ತುರ್ತು ಗಂಟೆ ಒತ್ತಿದೆ. ಆಕೆಯನ್ನು ಎಡಮಗ್ಗುಲಿಗೆ ಮಲಗಿಸಿ, ಸಿಕ್ಕ ದಿಂಬುಗಳನ್ನೆಲ್ಲ ಸೊಂಟದ ಕೆಳಗೆ ತುರುಕಿದೆ. ಅಷ್ಟರಲ್ಲಿ ಅಟ್ರಾಕ್ಟಾ ಬಂದಿದ್ದರು. ನೋಡಿದರು, ಕೈಯಿಟ್ಟು ಪರೀಕ್ಷಿಸಿದರು. ಬಳ್ಳಿ ಹೊರಗೆ ಬಂದಿತ್ತು. ಉಳಿದ ಸೂಲಗಿತ್ತಿಯರು ಹೆರಿಗೆ ಕೋಣೆಯಲ್ಲಿ ಅವಳಿಜವಳಿಯ ಜೊತೆ ಸಿಕ್ಕಿಕೊಂಡಿದ್ದರು.

"ಗ್ಲೌಸ್ ಹಾಕ್ಕೋ" ಎಂದರು ಅಟ್ರಾಕ್ಟಾ. "ಸೂಜಿ ಚುಚ್ಚೋಕೆ, ಆಕ್ಸಿಜನ್‌ಗೆ, ಥಿಯೇಟರಿಗೆ ಫೋನ್ ಮಾಡೋಕೆ ನನ್ನ ಕೈ ಬೇಕು. ಇಲ್ಲಿ ನಿನ್ನ ಕೈ. ಮಜೆಲ್ಲಾ, ಇವನು ಹಿಡ್ಕೊಳ್ಲಾ?"

"ಯಾರಾದ್ರೂ ಹಿಡ್ಕೊಳ್ರೀ, ಬೇಗ!"

ಅಟ್ರಾಕ್ಟಾ ತಮ್ಮ ಕೈ ಇದ್ದ ಜಾಗಕ್ಕೆ ನನ್ನ ಕೈಯನ್ನು ಸೇರಿಸಿ, ನನ್ನ ಬೆರಳು ಗಟ್ಟಿಯಾಗಿ ಕೂತ ಮೇಲೆ ತಮ್ಮದನ್ನು ತೆಗೆದರು. "ಇದು ತಲೆ. ಮೇಲಕ್ಕೆ ಒತ್ತಿ ಹಿಡಿ. ಬಳ್ಳಿ ಮೇಲೆ ಭಾರ ಬೀಳಬಾರದು."

"ಎಷ್ಟು ಹೊತ್ತು?"

"ಮಗು ನನ್ನ ಕಣ್ಣಿಗೆ ಬೀಳೋ ತನಕ."

ಸ್ಟ್ರೆಚರ್ ಬಂತು. ಕೈ ತೆಗೆಯುವಂತಿಲ್ಲ, ಹಾಗಾಗಿ ನನ್ನನ್ನೂ ಅದರ ಮೇಲೆ ಹತ್ತಿಸಿದರು. ಮಂಡಿಯೂರಿ ಬಗ್ಗಿದ್ದೆ, ಮೈಮೇಲೆ ಯಾರೋ ಕಂಬಳಿ ಎಸೆದರು. ಹಜಾರದ ತಿರುವಿನಲ್ಲಿ ನನ್ನ ಒಂದು ಬೂಟು ಕಳಚಿ ಬಿತ್ತು. ರೋಗಿಗಳನ್ನು ನೋಡಲು ಬಂದಿದ್ದ ಜನ ಗೋಡೆಗೆ ಸರಿದು ದಾರಿ ಬಿಟ್ಟರು, ಒಬ್ಬ ಮುದುಕ ಶಿಲುಬೆಯ ಗುರುತು ಮಾಡಿಕೊಂಡ. ನೋವು ಬಂದಾಗಲೆಲ್ಲ ತಲೆ ನನ್ನ ಬೆರಳ ಮೇಲೆ ಕಲ್ಲಿನಂತೆ ಕೂರುತ್ತಿತ್ತು. ಪಕ್ಕದಲ್ಲಿ ಬಳ್ಳಿ ಮಿಡಿಯುತ್ತಿತ್ತು. ನೋವು ಏರಿದಾಗ ಅದು ನಿಧಾನವಾಗುತ್ತಿತ್ತು. ಆಗ ಇನ್ನೂ ಒತ್ತುತ್ತಿದ್ದೆ. ಮತ್ತೆ ಓಡಲು ಶುರುಮಾಡುತ್ತಿತ್ತು.

"ಲೋರ್ಕನ್, ಇದೀಯಾ?" ಮಾಸ್ಕಿನ ಒಳಗಿಂದ ಮಜೆಲ್ಲಾ.

"ಇದೀನಿ."

"ಮೇಯೋದವನು ನೀನು. ಕೈಬಿಟ್ಟುಬಿಟ್ಟೀಯ ಮತ್ತೆ."

"ಈ ಸಲ ಬಿಡಲ್ಲ."

"ಮಿಡೀತಿದ್ಯಾ?"

"ಮಿಡೀತಿದೆ."

ಥಿಯೇಟರ್ ಬಾಗಿಲು ತಲುಪುವವರೆಗೆ ಆಕೆ ಮತ್ತೆ ಮತ್ತೆ ಅದನ್ನೇ ಕೇಳಿದರು, ನಾನು ಮತ್ತೆ ಮತ್ತೆ ಅದನ್ನೇ ಹೇಳಿದೆ. ಬೇರೆ ಯಾವ ಮಾತೂ ಬೇಕಿರಲಿಲ್ಲ. ಎಂಡಾ ಓಡೋಡಿ ಬಂದಿದ್ದ. ಬೆಳಿಗ್ಗೆ ಬಟ್ಟೆ ಕೊಡಲೆಂದು ಬಂದವನು ಕೆಳಗೆ ಕಾಫಿ ಕುಡಿಯುತ್ತಿದ್ದನಂತೆ. ಪೂರ್ತಿ ಅರಿವಳಿಕೆ ಕೊಡಬೇಕಿದ್ದುದರಿಂದ ಅವನನ್ನು ಒಳಗೆ ಬಿಡಲಿಲ್ಲ. ಬಾಗಿಲು ಮುಚ್ಚುವಾಗ ಅವನ ಮುಖ ಕಂಡಿತು.

ಒಳಗೆ ಮೇಜಿನ ಪಕ್ಕ ಕುಕ್ಕರಗಾಲಿನಲ್ಲಿ ಕೂರಿಸಿ, ನನ್ನ ಮೇಲೂ ಹಸಿರು ಬಟ್ಟೆ ಹೊದಿಸಿಬಿಟ್ಟರು. ಕತ್ತಲೆ. ಸೆಕೆ. ಮೊಣಕೈಯಿಂದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ, ಬೆರಳ ತುದಿ ಮಾತ್ರ ಗೊತ್ತಾಗುತ್ತಿತ್ತು. ಮಜೆಲ್ಲಾರ ಮಾತು ನಿಂತಿತು, ನಿದ್ದೆ ಹತ್ತಿತ್ತು. ಆಮೇಲೆ ಮಾತಾಡಲು ತಿರುಗಾಡಿ ಮಾತ್ರ ಉಳಿದಿತ್ತು. ಇದೀಯಾ ಎಂದು ಮನಸ್ಸಿನಲ್ಲೇ ಕೇಳಿದೆ. ಬಳ್ಳಿ ಮಿಡಿಯಿತು.

ಮೇಲಿನಿಂದ ಗಿಲ್‌ಹೂಲಿಯವರ ದನಿ: "ಲೋರ್ಕನ್, ಬರ್ತಿದೀನಿ ಕಣಪ್ಪಾ. ಒತ್ತು."

ಒತ್ತಿದೆ. ಆಚೆ ಕಡೆಯಿಂದ ಇನ್ನೊಂದು ಕೈ ಬಂದು ಮುಟ್ಟಿತು. ನನ್ನ ಬೆರಳಿಗೂ ಅವರ ಬೆರಳಿಗೂ ನಡುವೆ ಆ ಪುಟ್ಟ ತಲೆ. ಅದು ಮೇಲಕ್ಕೆ ಎದ್ದಿತು. ನನ್ನ ಬೆರಳಿನಿಂದ ಭಾರ ಹೋಯಿತು. ಕೈ ಖಾಲಿ.

ಯಾವ ಸದ್ದೂ ಇಲ್ಲ.

ಆಮೇಲೆ ಚಳಿಗಾಲದ ಬೆಳಿಗ್ಗೆ ಹಳೇ ಬೈಕಿಗೆ ಕಿಕ್ ಹೊಡೆದ ಹಾಗೆ ಒಂದು ಕೆಮ್ಮು, ಇನ್ನೊಂದು ಕೆಮ್ಮು, ಆಮೇಲೆ ಶುರುವಾಯಿತು ನೋಡಿ ಅಳು! ಲೀಟ್ರಿಮ್‌ವರೆಗೂ ಕೇಳಿಸಿರಬೇಕು.

ಅಟ್ರಾಕ್ಟಾ ಬಟ್ಟೆಯ ಅಂಚು ಎತ್ತಿ ಬಗ್ಗಿ ನೋಡಿದರು. "ಬಾರೋ ಮರಿ ಹೊರಗೆ. ನೀನೂ ಹುಟ್ಟಿಬಿಡು."

ಕಾಲು ಜೋಮು ಹಿಡಿದು ಏಳಲಾಗಲಿಲ್ಲ. ಇಬ್ಬರು ಎತ್ತಿದರು. ಅಷ್ಟರಲ್ಲಿ ಮಗುವನ್ನು ಪಕ್ಕದ ಕೋಣೆಗೆ ಮಕ್ಕಳ ಡಾಕ್ಟರ ಹತ್ತಿರ ಒಯ್ದಾಗಿತ್ತು. ಹೊರಗೆ ಬೆಂಚಿನ ಮೇಲೆ ಕೂತೆ. ಅಟ್ರಾಕ್ಟಾ ಟ್ರೇ ತಂದು ನನ್ನ ತೊಡೆಯ ಮೇಲಿಟ್ಟರು. ಟೀ, ಬೆಣ್ಣೆ ಹಚ್ಚಿದ ಟೋಸ್ಟು. ತಿಂದೆ. ಅಳುತ್ತಾ ತಿಂದೆನೋ ತಿನ್ನುತ್ತಾ ಅತ್ತೆನೋ ಗೊತ್ತಿಲ್ಲ. ಅಟ್ರಾಕ್ಟಾ ಪಕ್ಕದಲ್ಲಿ ಕೂತು ಒಂದು ತುಂಡನ್ನು ತಾವೇ ತೆಗೆದುಕೊಂಡು ತಿಂದರು.

ಫೆಬ್ರವರಿ 25, ಬುಧವಾರ

ಹೆಣ್ಣುಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಬ್ಲಾನಿಡ್ ಹೇಳಿದಳು. ನಾನು ಹೋಗಲಿಲ್ಲ. ಬಾಗಿಲವರೆಗೆ ಹೋಗಿದ್ದೆ, ಒಳಗೆ ನೆಂಟರು ತುಂಬಿದ್ದರು. ಇನ್ನೊಂದು ಬೂಟು ಸಿಕ್ಕಿಲ್ಲ. ಬ್ಲಾನಿಡ್‌ಳ ತಮ್ಮನ ಬೂಟಿನಲ್ಲಿ ಓಡಾಡುತ್ತಿದ್ದೇನೆ, ಬಿಗಿ.

ಫೆಬ್ರವರಿ 27, ಶುಕ್ರವಾರ

ಕೊನೆಯ ದಿನ. ಮಜೆಲ್ಲಾ ಮನೆಗೆ ಹೊರಡುವ ದಿನವೂ ಇದೇ. ನಾನು ಹಜಾರದಲ್ಲಿ ಹಾದು ಹೋಗುತ್ತಿದ್ದಾಗ ಒಳಗಿಂದ ಬಸ್ ಚಾಲಕಿಯ ಕೂಗು ಬಂತು:

"ಏಯ್ ಮೇಯೋ! ಕದ್ದು ಹೋಗ್ತಿದೀಯಾ? ಬಾ ಇಲ್ಲಿ!"

ಹೋದೆ. ಎಂಡಾ ಎದ್ದು ನಿಂತ. ಚೀಲದಿಂದ ನನ್ನ ಬೂಟು ತೆಗೆದು ಕೊಟ್ಟ.

"ಥಿಯೇಟರ್ ಬಾಗಿಲ ಹೊರಗೆ ಇದನ್ನೇ ಹಿಡ್ಕೊಂಡು ನಿಂತಿದ್ದೆ" ಎಂದ. "ಹಜಾರದಲ್ಲಿ ಬಿದ್ದಿತ್ತು. ಯಾರದು ಅಂತ ಗೊತ್ತಿರಲಿಲ್ಲ. ಕೈಯಲ್ಲಿ ಏನಾದ್ರೂ ಬೇಕಿತ್ತು ನೋಡು. ಇದನ್ನ ಬಿಟ್ಟರೆ ಏನೋ ಆಗಿಬಿಡತ್ತೆ ಅನ್ನಿಸ್ತು."

ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೂಟಿಗೆ ಪಾಲಿಶ್ ಕೂಡ ಹಾಕಿದ್ದ.

"ಕೂತ್ಕೋ" ಎಂದರು ಮಜೆಲ್ಲಾ. "ಮಿಕ್ಕ ಮೂರೂ ಹುಟ್ಟಿದಾಗ ನಾನು ಎಚ್ಚರ ಇದ್ದೆ. ಬೈದಿದ್ದೀನಿ, ಕೂಗಿದ್ದೀನಿ, ಎಲ್ಲ ನೆನಪಿದೆ. ಇದೊಂದು ಹುಟ್ಟಿದ್ದು ನನಗೆ ಗೊತ್ತೇ ಇಲ್ಲ. ಮಲಗಿದ್ದೆ, ಎದ್ದೆ, ಮಗು ಅಂತ ಕೊಟ್ರು. ಎಂಡಾ ಹೊರಗಿದ್ದ. ಅಟ್ರಾಕ್ಟಾನ ಕೇಳಿದ್ರೆ, 'ಅಲ್ಲಿ ಜಾಸ್ತಿ ಹೊತ್ತು ಇದ್ದವನು ಅವನು, ಅವನನ್ನೇ ಕೇಳು' ಅಂತಾರೆ. ಹೇಳು ಈಗ. ಏನೂ ಬಿಡಬೇಡ."

"ನಾನೂ ನೋಡಿಲ್ಲ" ಎಂದೆ. "ಬಟ್ಟೆ ಕೆಳಗಿದ್ದೆ. ಕತ್ತಲು."

ಮಜೆಲ್ಲಾ ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. "ಚೆನ್ನಾಗಿದೆ! ಒಬ್ಬಳು ನಿದ್ದೆ, ಒಬ್ಬ ಬಾಗಿಲಾಚೆ, ಒಬ್ಬ ಬಟ್ಟೆ ಕೆಳಗೆ. ಹಾಗಾದ್ರೆ ಇವಳು ಹುಟ್ಟಿದ್ದನ್ನ ನೋಡಿದವರು ಯಾರ್ರೀ?" ಹೊಲಿಗೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ, "ಗೊತ್ತಾಗಿದ್ದನ್ನಾದ್ರೂ ಹೇಳು" ಎಂದರು.

ಹೇಳಿದೆ. ತಲೆ ಬೆಚ್ಚಗಿತ್ತು. ಕೂದಲಿತ್ತು, ಒದ್ದೆ, ಬಹಳ ನುಣುಪು. ನೆತ್ತಿಯ ಮೂಳೆಗಳು ಒಂದಕ್ಕೊಂದು ಕೂಡುವ ಗೆರೆ ಸಿಗುತ್ತಿತ್ತು, ಅದರ ಮುಂದೆ ಮೆತ್ತನೆಯ ಒಂದು ಜಾಗ. ನೋವು ಬಂದಾಗ ಇವಳು ಕೆಳಕ್ಕೆ ಒತ್ತುತ್ತಿದ್ದಳು, ನಾನು ಮೇಲಕ್ಕೆ ಒತ್ತುತ್ತಿದ್ದೆ. ಯಾರು ಗಟ್ಟಿ ಎಂದು ಪಂಥ ಕಟ್ಟಿದ ಹಾಗೆ. ನೀವು ಮಲಗಿದ ಮೇಲೂ ಬಳ್ಳಿ ಮಿಡಿಯುತ್ತಿತ್ತು, ಒಂದು ಸಲವೂ ನಿಲ್ಲಲಿಲ್ಲ. ಆಮೇಲೆ ಗಿಲ್‌ಹೂಲಿಯವರ ಕೈ ಬಂತು, ಅವಳು ಎದ್ದು ಹೋದಳು. ಮೊದಲು ಕೆಮ್ಮಿದಳು, ಎರಡು ಸಲ. ಆಮೇಲೆ ಅತ್ತಳು.

ಎಂಡಾ ಹೇಳಿದ: "ಆ ಅಳು ನನಗೂ ಕೇಳಿಸ್ತು. ಬಾಗಿಲಿಗೆ ಹಣೆ ಇಟ್ಕೊಂಡಿದ್ದೆ. ಬಾಗಿಲು ನಡುಗಿದ ಹಾಗಾಯ್ತು."

ಮಜೆಲ್ಲಾ ಕಣ್ಣೊರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟರು. "ಗಂಡಾಗಿದ್ರೆ ನಿನ್ನ ಹೆಸರಿಡಬೇಕಾಗ್ತಿತ್ತು. ಬಚಾವಾದೆ. ಇವಳು ನೂಲಾ, ಎಂಡಾನ ಅಮ್ಮನ ಹೆಸರು." ಬಟ್ಟೆ ಸುತ್ತಿದ ಗಂಟನ್ನು ಮಡಿಲಲ್ಲಿ ನನ್ನ ಕಡೆಗೆ ತಿರುಗಿಸ ಹೊರಟವರು ತಡೆದು, ಮತ್ತೆ ತಮ್ಮ ಕಡೆ ಎಳೆದುಕೊಂಡರು. "ಇರು. ನೋಡಬೇಡ. ಕಣ್ಣು ಮುಚ್ಚು. ಕೈ ಕೊಡು."

ಕೈ ತಣ್ಣಗಿತ್ತು. ಉಜ್ಜಿ ಬೆಚ್ಚಗೆ ಮಾಡಿಕೊಂಡು ಕಣ್ಣು ಮುಚ್ಚಿ ಚಾಚಿದೆ. ಮಜೆಲ್ಲಾ ನನ್ನ ಬೆರಳುಗಳನ್ನು ಮಗುವಿನ ತಲೆಯ ಮೇಲಿಟ್ಟರು.

ಕೂದಲು ಈಗ ಒಣಗಿತ್ತು. ಗೆರೆ ಅಲ್ಲೇ ಇತ್ತು. ಮೆತ್ತನೆಯ ಜಾಗ ಅಲ್ಲೇ ಇತ್ತು, ಮಿಡಿಯುತ್ತಿತ್ತು.

"ಇವಳೇನಾ?" ಎಂದರು ಮಜೆಲ್ಲಾ.

"ಇವಳೇ."

"ಗ್ಯಾರಂಟಿನಾ?"

"ಗ್ಯಾರಂಟಿ."

"ಸದ್ಯ" ಎಂದರು. "ನಿದ್ದೆಯಿಂದ ಎದ್ದಾಗಿಂದ ಒಳಗೊಂದು ಅನುಮಾನ ಕಣೋ. ಈಗ ಹೋಯ್ತು."

ಆಮೇಲೆ ಕಣ್ಣು ಬಿಟ್ಟು ಅವಳ ಮುಖ ನೋಡಿದೆ. ಕೆಂಪಗೆ, ಸುಕ್ಕು ಸುಕ್ಕಾಗಿ, ನಿದ್ದೆಗೆಡಿಸಿದ್ದಕ್ಕೆ ಹುಬ್ಬು ಗಂಟಿಕ್ಕಿ, ಅಮ್ಮನ ಹಾಗೆ ಬೈಯಲು ಸಿದ್ಧಳಾಗಿದ್ದಳು. ಇಷ್ಟು ಚೆಂದದ್ದನ್ನು ನಾನು ನೋಡಿಲ್ಲ.

ಎಷ್ಟು ಹೊತ್ತು ಕೂತಿದ್ದೆನೋ. ಕೆಳಗೆ ಬ್ಲಾನಿಡ್ ಕಾರಿನ ಹಾರ್ನ್ ಒತ್ತುತ್ತಲೇ ಇದ್ದಳು. ಹೋಗಿ ಹತ್ತಿದೆ.

"ಎಲ್ಲಿ ಸತ್ತಿದ್ದೆ ಇಷ್ಟು ಹೊತ್ತು?"

"ಏನಿಲ್ಲ" ಎಂದೆ. "ಒಂದು ಮಗುವನ್ನ ಗುರುತು ಹಿಡಿಯೋದಿತ್ತು."